ಬುಧವಾರ ಬರೆದ ಭಾಗ

ನಮ್ಮ ಊರಿನಲ್ಲಿ ಹಲ್ಲು ಕೀಳಿಸಿಕೊಳ್ಳುವವರು ಬುಧವಾರವೇ ಹೋಗುತ್ತಾರೆ. ಅವತ್ತು ಡಾಕ್ಟರ ಬಾಗಿಲಲ್ಲಿ ಉದ್ದ ಸಾಲು ಇರುತ್ತದಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ಆ ಸಾಲಿನಲ್ಲಿ ನಿಂತವರಿಗೂ ಗುರುವಾರ ಎದ್ದಾಗ ಅದು ನೆನಪಿರುವುದಿಲ್ಲ. ಬಾಯಲ್ಲಿ ಒಂದು ಹಲ್ಲು ಕಡಿಮೆ, ಕಿತ್ತ ನೋವು ಮಾತ್ರ ಯಾರಿಗೂ ಗೊತ್ತಿಲ್ಲ. ಬುಧವಾರ ನಡೆದದ್ದು ಆ ದಿನದ ನಿದ್ದೆಯೊಂದಿಗೆ ಹೋಗಿಬಿಡುತ್ತದೆ. ಹಾಗಾಗಿ ಮದುವೆ, ನಾಮಕರಣ ಯಾರೂ ಬುಧವಾರ ಇಟ್ಟುಕೊಳ್ಳುವುದಿಲ್ಲ. ಶಾಲೆಗಳಿಗೆ ರಜೆ ಭಾನುವಾರವಲ್ಲ, ಬುಧವಾರ. ಹೇಳಿಕೊಟ್ಟದ್ದು ತಲೆಯಲ್ಲಿ ನಿಲ್ಲುವುದಿಲ್ಲವಲ್ಲ. ನಮ್ಮ ಅಮ್ಮ ಹಾಗಲಕಾಯಿ ಗೊಜ್ಜು ಮಾಡುವುದು ಬುಧವಾರವೇ. ಗುರುವಾರ ಖಾಲಿ ಪಾತ್ರೆ ತೋರಿಸಿ, "ನೋಡಿ, ಎಷ್ಟು ಇಷ್ಟಪಟ್ಟು ತಿಂದಿದೀರ" ಎನ್ನುತ್ತಾಳೆ. ತಿಂದೆವೋ ಚೆಲ್ಲಿದೆವೋ, ಅವಳಿಗೂ ಗೊತ್ತಿರುವುದಿಲ್ಲ.

ಇಲ್ಲಿ ಬದುಕುವವರು ಎರಡು ಮರ್ಯಾದೆ ಕಲಿತಿರಬೇಕು. ಬುಧವಾರ ಮಲಗುವ ಮುಂಚೆ ಗುರುವಾರಕ್ಕೆಂದು ಒಂದು ಚೀಟಿ ಬರೆದಿಡಬೇಕು: ಗ್ಯಾಸ್ ಮುಗಿದಿದೆಯೋ, ಬೀಗದ ಕೈ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು. ಎರಡನೆಯದು, ಬುಧವಾರ ಮಾಡಿದ ಬರಹಕ್ಕೆ, ಕೆಲಸಕ್ಕೆ ಯಾರೂ ತಮ್ಮ ಹೆಸರು ಹಾಕುವಂತಿಲ್ಲ. ಹಿಂದೆ ಜನ ಮನಸ್ಸಿಗೆ ಬಂದದ್ದೆಲ್ಲ ಬರೆದಿಟ್ಟು, ಗುರುವಾರ ಅದನ್ನು ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರಂತೆ. ಅದಕ್ಕೇ ಈ ಕಟ್ಟು. ನಮ್ಮ ವಿಶ್ವವಿದ್ಯಾಲಯದ ಲ್ಯಾಬಿನಲ್ಲೂ ಉಳಿದ ದಿನ ಒಬ್ಬೊಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಕೆಲಸ ಮಾಡಿದರೆ, ಬುಧವಾರ ಎಲ್ಲರಿಗೂ ಸೇರಿ ಒಂದೇ ಹೆಸರು: 'ತಂಡ'. ಯಾರು ಏನು ಬರೆದರೂ ತಂಡ ಬರೆದ ಹಾಗೆ. ಎಂಸಿಎ ಕೊನೆಯ ಸೆಮಿಸ್ಟರಿನವರೆಗೆ ಇದರಿಂದ ನನಗೆ ಒಂದು ದಿನವೂ ತೊಂದರೆಯಾಗಿರಲಿಲ್ಲ.

ಆ ಸೆಮಿಸ್ಟರಿನಲ್ಲಿ ನಾಲ್ವರ ತಂಡ ಕಟ್ಟಿಕೊಂಡು, ನಿಜವಾಗಿ ಬೇಕಾದವರಿಗೆ ಒಂದು ಸಾಫ್ಟ್‌ವೇರ್ ಮಾಡಿಕೊಡಬೇಕು. ನಮ್ಮ ಪಾಲಿಗೆ ಬಂದದ್ದು ಊರಿನ ಹೆರಿಗೆ ಆಸ್ಪತ್ರೆ. ಹಿಂದಿನ ದಿನ ಯಾವ ಹಾಸಿಗೆಗೆ ಯಾವ ಮಾತ್ರೆ ಕೊಟ್ಟರು ಎಂಬುದು ಗುರುವಾರ ಬೆಳಿಗ್ಗೆ ಅಲ್ಲಿನ ಸಿಸ್ಟರುಗಳಿಗೆ ನೆನಪಿರುವುದಿಲ್ಲ. ಅವರು ಬರೆದಿಟ್ಟ ಪಟ್ಟಿಯನ್ನೂ ಕಪಾಟಿನಲ್ಲಿ ಉಳಿದ ಮಾತ್ರೆಗಳನ್ನೂ ತಾಳೆ ನೋಡಿ, ಎಲ್ಲಾದರೂ ಎಡವಟ್ಟಾಗಿದ್ದರೆ ನಮ್ಮ ಸಾಫ್ಟ್‌ವೇರ್ ಕೆಂಪಗೆ ತೋರಿಸಬೇಕು. ಆ ತಾಳೆ ನೋಡುವ ಭಾಗವೇ ಇಡೀ ಪ್ರಾಜೆಕ್ಟಿನ ಜೀವ. ತಂಡದ ನಾಯಕಿ ನಾನು, ವಿನುತಾ. ಯಾರೂ ನನ್ನನ್ನು ಆರಿಸಲಿಲ್ಲ, ನಾನೇ ಆದೆ. ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕೆಲಸ ಬಾಕಿ ಇದ್ದರೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತೇನೆ, ಪಕ್ಕದವರನ್ನೂ ಕೂರಲು ಬಿಡುವುದಿಲ್ಲ. ಇಂದುಧರ ತೆರೆಯ ಮೇಲೆ ಕಾಣುವುದನ್ನು ಮಾಡುತ್ತಿದ್ದ. ರೆಹಮತ್ ಮಾಹಿತಿ ಕೂಡಿಡುವುದನ್ನು ನೋಡಿಕೊಳ್ಳುತ್ತಿದ್ದ. ನಾಲ್ಕನೆಯವರು ಕಸ್ತೂರಕ್ಕ.

ಕಸ್ತೂರಕ್ಕನಿಗೆ ನಮಗಿಂತ ಹನ್ನೆರಡು ವರ್ಷ ಹೆಚ್ಚು. ಹೈಸ್ಕೂಲಿನಲ್ಲಿ ಗಣಿತದ ಟೀಚರು. ಆ ಕೆಲಸ ಇಟ್ಟುಕೊಂಡೇ ಎಂಸಿಎಗೆ ಸೇರಿದ್ದರು, ಎರಡು ಸಲ ಅರ್ಧಕ್ಕೆ ಬಿಟ್ಟಿದ್ದರು. ಇದು ಅವರಿಗೆ ಕೊನೆಯ ಅವಕಾಶ. ಈ ಸಲ ಪ್ರಾಜೆಕ್ಟ್ ಹೋದರೆ ವಿಶ್ವವಿದ್ಯಾಲಯ ಅವರ ಹೆಸರನ್ನೇ ತೆಗೆದುಹಾಕುತ್ತಿತ್ತು. ನಾವು ಮೂವರು ದಿನಾ ಮಧ್ಯಾಹ್ನ ಲ್ಯಾಬಿನಲ್ಲಿ ಸೇರುವಾಗ ಅವರು ಶಾಲೆಯಲ್ಲಿರುತ್ತಿದ್ದರು. ಅವರಿಗೆ ಬಿಡುವಿದ್ದದ್ದು ಬುಧವಾರ ಮಾತ್ರ. ಸಂಜೆ ಕ್ಲಾಸಿಗೆ ಬಂದಾಗ, "ಏನಾದ್ರೂ ಕೆಲ್ಸ ಇದ್ರೆ ಕೊಡಮ್ಮ" ಎಂದು ನನ್ನ ಹತ್ತಿರ ಕೇಳುತ್ತಿದ್ದರು. "ಬುಧವಾರ ಬರ್ತೀರಲ್ಲ ಅಕ್ಕ, ಆಗ ನೋಡೋಣ" ಎನ್ನುತ್ತಿದ್ದೆ. ಒಳಗೊಳಗೇ ಮೈಯೆಲ್ಲ ಉರಿಯುತ್ತಿತ್ತು. ಹದಿನಾರು ವಾರ ಕಳೆದರೂ ಅವರು ಒಂದು ಸಾಲು ಬರೆದದ್ದನ್ನು ನಾನು ಕಂಡಿರಲಿಲ್ಲ. ಬರುತ್ತಾರೆ, ಟೀ ಕುಡಿಯುತ್ತಾರೆ, ಹೋಗುತ್ತಾರೆ ಎಂದುಕೊಂಡಿದ್ದೆ.

ಗುರುವಾರದ ಬೆಳಗುಗಳು ನನಗೆ ಬಹಳ ಇಷ್ಟವಾಗಿದ್ದವು. ಲ್ಯಾಬಿಗೆ ಹೋಗಿ ಕಂಪ್ಯೂಟರ್ ಹಚ್ಚಿದರೆ ಕೆಲಸ ಒಂದು ಮೆಟ್ಟಿಲು ಮೇಲೆ ಹೋಗಿರುತ್ತಿತ್ತು. ತಾಳೆ ನೋಡುವ ಭಾಗ ವಾರ ವಾರ ಹೀಗೆಯೇ ಬೆಳೆಯಿತು. ಓದಿದರೆ ಪೂರ್ತಿ ಅರ್ಥವಾಗುತ್ತಿರಲಿಲ್ಲ, ಆದರೆ ಅಚ್ಚುಕಟ್ಟಾಗಿತ್ತು, ಓಡುತ್ತಿತ್ತು. ನಿನ್ನೆ ಎಷ್ಟು ಚೆನ್ನಾಗಿ ತಲೆ ಓಡಿದೆ ನನಗೆ ಎಂದು ಬೀಗುತ್ತಿದ್ದೆ. ನಾನಲ್ಲದೆ ಇನ್ನು ಯಾರು ಬರೆಯುತ್ತಾರೆ, ಆ ಅನುಮಾನವೇ ನನಗೆ ಬರಲಿಲ್ಲ.

ಕೊನೆಯಲ್ಲಿ ಪ್ರತಿಯೊಬ್ಬರೂ ಒಂದು ಕಾಗದ ತುಂಬಿ ಕೊಡಬೇಕಿತ್ತು: ನೂರು ಅಂಕ ಇದ್ದರೆ ತಂಡದಲ್ಲಿ ಯಾರಿಗೆ ಎಷ್ಟು ಸಲ್ಲಬೇಕು, ಯಾರು ಯಾವ ಭಾಗ ಮಾಡಿದರು. ನಾಲ್ಕೂ ಕಾಗದ ಸೇರಿಸಿ ನೋಡಿದಾಗ ಸರಾಸರಿ ಹದಿನೈದರ ಕೆಳಗೆ ಬಿದ್ದವರು ಫೇಲು. ಸೋಮವಾರ ನಾನು ತುಂಬಿದೆ. ನನಗೆ ಐವತ್ತು, ಇಂದುಧರನಿಗೆ ಇಪ್ಪತ್ತೈದು, ರೆಹಮತ್‌ಗೆ ಇಪ್ಪತ್ತು, ಕಸ್ತೂರಕ್ಕನಿಗೆ ಐದು. ಐದೂ ಹೆಚ್ಚಾಯಿತು ಅನ್ನಿಸಿತು, ವಯಸ್ಸಿಗೆ ಮರ್ಯಾದೆ ಎಂದು ಬಿಟ್ಟೆ.

ಮಂಗಳವಾರ ನಮ್ಮ ಗೈಡ್ ದಾಕ್ಷಾಯಿಣಿ ಮೇಡಂ ನಮ್ಮ ಮೂವರನ್ನು ಕರೆಸಿದರು. ಕನ್ನಡಕ ಮೇಲೆತ್ತಿ ಕಾಗದಗಳನ್ನು ಮೇಜಿನ ಮೇಲೆ ಇಸ್ಪೀಟಿನ ಎಲೆಗಳ ಹಾಗೆ ಹರಡಿದರು.

"ತಾಳೆ ನೋಡೋ ಭಾಗ ನಾನೇ ಬರೆದೆ ಅಂತ ಮೂರೂ ಜನ ಬರೆದಿದೀರಿ. ಯಾರಪ್ಪಾ ಬರೆದಿದ್ದು?"

ನಾನು ಇಂದುಧರನನ್ನು ನೋಡಿದೆ, ಇಂದುಧರ ರೆಹಮತ್‌ನನ್ನು ನೋಡಿದ. "ಅದು ಬುಧವಾರಗಳಲ್ಲಿ ಆಗಿದ್ದು ಮೇಡಂ. ನಾನೇ ಇರ್ಬೇಕು" ಎಂದ ರೆಹಮತ್, ಮೆಲ್ಲಗೆ.

"ಹೋಗ್ಲಿ ಬಿಡಿ, ಮೂವರಿಗೂ ಸಮ ಹಂಚ್ತೀನಿ. ಬುಧವಾರದ ವಿಷಯ ಕೆದಕೋದು ಚೆನ್ನಾಗಿರಲ್ಲ. ಆದ್ರೆ ಕಸ್ತೂರಿ ಫೇಲಾಗ್ತಾರೆ. ನೀವು ಮೂವರು ಐದು, ಐದು, ಎಂಟು ಕೊಟ್ಟಿದೀರಿ. ಅವರು ತಮಗೆ ತಾವೇ ಸೊನ್ನೆ ಹಾಕ್ಕೊಂಡಿದಾರೆ." ಒಂದು ನೋಟಿಸನ್ನು ನನ್ನತ್ತ ತಳ್ಳಿದರು. "ನಾಯಕಿ ನೀನಲ್ವೇನಮ್ಮ? ಶುಕ್ರವಾರ ಸಂಜೆಯೊಳಗೆ ಇದಕ್ಕೆ ಅವರ ಸಹಿ ಹಾಕಿಸ್ಕೊಂಡು ಬಾ. ಆಮೇಲೆ ಆಫೀಸಿಗೆ ಕಳಿಸಿಬಿಡ್ತೀನಿ."

ಹೊರಗೆ ಬಂದ ಮೇಲೆ ಮೂವರೂ ಕಿತ್ತಾಡಿದೆವು. "ನಿಂಗೆ ಆ ಭಾಗದ ತಲೆ ಬುಡ ಗೊತ್ತೇನೋ?" ಎಂದು ಇಂದುಧರನನ್ನು ಕೇಳಿದೆ. "ನಿಂಗ್ ಗೊತ್ತಾ? ಹಾಗಾದ್ರೆ ಸಿಸ್ಟರ್ ಕೇಳಿದ್ ಅರ್ಧ ಮಾತ್ರೆ ಸೇರಿಸು ನೋಡೋಣ" ಎಂದ. ಆಸ್ಪತ್ರೆಯವರು ಅರ್ಧ ಮಾತ್ರೆ ಕೊಡುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಕೇಳಿದ್ದರು. ರೋಷದಿಂದ ಲ್ಯಾಬಿಗೆ ಹೋಗಿ ಕೂತೆ. ಎರಡು ಗಂಟೆ ತಿಣುಕಿದೆ. ಆ ಭಾಗ ಶುರುವಾಗುವುದೇ ತಪ್ಪುಗಳಿಂದ. ಸಿಸ್ಟರ್ ಮಾತ್ರೆ ಕೊಟ್ಟು ಬರೆಯಲು ಮರೆತರೆ, ಬರೆದು ಕೊಡಲು ಮರೆತರೆ, ಬಾಣಂತಿಯ ಹಾಸಿಗೆ ಬದಲಾದರೆ, ಹೀಗೆ ಹನ್ನೊಂದು ತಪ್ಪುಗಳನ್ನು ಮೊದಲು ಸಾಲಾಗಿ ಬರೆದಿಟ್ಟು, ಒಂದೊಂದೂ ಎಲ್ಲಿ ಹುಟ್ಟುತ್ತದೆ ಎಂದು ಹುಡುಕಿಕೊಂಡು ಹೋಗಿ, ಕೊನೆಗೆ ಸರಿಯಾದದ್ದು. ನಾನು ಹಾಗೆ ಕೆಲಸ ಮಾಡುವವಳೇ ಅಲ್ಲ. ಮೊದಲು ಸರಿ ಓಡಲಿ, ತಪ್ಪು ಬಂದಾಗ ನೋಡೋಣ ಎನ್ನುವ ಪೈಕಿ. ಬುಧವಾರ ನನ್ನ ಬುದ್ಧಿ ಹೀಗೆ ತಿರುಗುತ್ತದೋ ಏನೋ ಎಂದುಕೊಂಡು ಎದ್ದುಬಂದೆ. ಅರ್ಧ ಮಾತ್ರೆ ಸೇರಲಿಲ್ಲ.

ಮರುದಿನ ಬುಧವಾರ. ಏನು ನಡೆಯಿತೋ ಗೊತ್ತಿಲ್ಲ. ಗುರುವಾರ ಎದ್ದಾಗ ನನ್ನ ಕಣ್ಣು ಊದಿಕೊಂಡಿದ್ದವು. "ಅತ್ತಿದ್ಯೇನೇ?" ಎಂದಳು ಅಮ್ಮ. ನನಗೇನು ಗೊತ್ತು. ಚೀಟಿ ತೆಗೆದು ನೋಡಿದೆ: ಸೋಪು, ಕಾಫಿಪುಡಿ, ಸಿಸ್ಟರ್‌ಗೆ ಫೋನ್, ರೆಹಮತ್ ಹತ್ತಿರ ಪೆನ್‌ಡ್ರೈವ್ ಇದೆ. ಅಷ್ಟೇ ಇತ್ತು. ಬೇಗ ಸಹಿ ಹಾಕಿಸಿಕೊಂಡು ಬಂದರೆ ಇದೆಲ್ಲ ಮುಗಿಯುತ್ತದೆ ಎಂದು ಕಸ್ತೂರಕ್ಕನ ಶಾಲೆಗೆ ಹೊರಟೆ.

ಎಂಟನೇ ಕ್ಲಾಸಿನಲ್ಲಿ ಪಾಠ ನಡೆಯುತ್ತಿತ್ತು. ಕಿಟಕಿಯ ಹೊರಗೆ ನಿಂತೆ. ಕಸ್ತೂರಕ್ಕ ಬೋರ್ಡಿನ ಮೇಲೆ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ, ಐದನೇ ಎರಡು ಎಂದು ಉತ್ತರ ಬರೆದರು. ನಾನು ಕೂಡ ಇದೇನಿದು ಎಂದು ಹುಬ್ಬು ಗಂಟಿಕ್ಕಿದೆ.

"ಇದು ತಪ್ಪು. ಯಾರ್ಯಾರು ಹೀಗೆ ಮಾಡ್ತೀರಿ, ಕೈ ಎತ್ತಿ. ನಾಚ್ಕೋಬೇಡಿ. ನಾನೂ ಚಿಕ್ಕೋಳಿದ್ದಾಗ ಹೀಗೇ ಮಾಡ್ತಿದ್ದೆ."

ಅರ್ಧ ಕ್ಲಾಸು ಕೈ ಎತ್ತಿತು. ಅದರ ಕೆಳಗೆ ಇನ್ನೊಂದು ತಪ್ಪು ಉತ್ತರ, ಅದರ ಕೆಳಗೆ ಮತ್ತೊಂದು. "ಮೊದಲು ತಪ್ಪುಗಳನ್ನೆಲ್ಲ ಕೂರಿಸ್ಕೊಂಡು ಮಾತಾಡ್ಸೋಣ. ಈ ತಪ್ಪು ಎಲ್ಲಿಂದ ಬಂತು, ಹೇಳು ನೋಡೋಣ ಶಿವಲೀಲಾ." ಸರಿ ಉತ್ತರಕ್ಕೆ ಅವರು ಇನ್ನೂ ಕೈ ಹಾಕಿರಲಿಲ್ಲ.

ಮಂಗಳವಾರ ನಾನು ಎರಡು ಗಂಟೆ ಗುದ್ದಾಡಿದ್ದು ಇದರೊಂದಿಗೇ. ಹನ್ನೊಂದು ತಪ್ಪುಗಳನ್ನು ಸಾಲಾಗಿ ಕೂರಿಸಿ ಮಾತಾಡಿಸಿದವರು ಇವರೇ. ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

ಬೆಲ್ಲು ಹೊಡೆದ ಮೇಲೆ ಕಸ್ತೂರಕ್ಕ ಸೆರಗಿಗೆ ಸೀಮೆಸುಣ್ಣ ಒರೆಸಿಕೊಳ್ಳುತ್ತ ಹೊರಬಂದರು. ನನ್ನ ಕೈಯಲ್ಲಿದ್ದ ಕಾಗದ ನೋಡಿದ ಕೂಡಲೇ ಅವರಿಗೆ ತಿಳಿಯಿತು.

"ಫೇಲಾ? ಕೊಡು, ಎಲ್ಲಿ ಸಹಿ ಹಾಕ್ಬೇಕು?"

"ಅಕ್ಕಾ, ನೀವ್ಯಾಕೆ ಸೊನ್ನೆ ಹಾಕ್ಕೊಂಡ್ರಿ?"

"ಮತ್ತೇನ್ ಹಾಕ್ಲಿ ವಿನುತಾ? ನಾನು ಮಾಡಿದ್ದು ಅಂತ ಒಂದೂ ನೆನಪಿಲ್ಲ. ನೀವು ಮೂವರು ಚುರುಕು ಮಕ್ಕಳು. ನಾನು ಬುಧವಾರ ಬಂದು ನಿಮ್ಮ ಪಕ್ಕ ಕೂತು ನೋಡ್ತಿರ್ತೀನೇನೋ ಅನ್ಕೊಂಡೆ. ಗುರುವಾರ ನಿಮ್ಮ ಮುಖ ನೋಡೋಕೇ ಸಂಕೋಚ ಆಗ್ತಿತ್ತು."

"ನೀವು ಚೀಟಿ ಬರೆದಿಡಲ್ವಾ?"

"ಇಲ್ಲಮ್ಮ. ವಾರದಲ್ಲಿ ಒಂದ್ ದಿನವಾದ್ರೂ ತಲೆ ಮೇಲೆ ಏನೂ ಹೊತ್ಕೊಳೋದು ಬೇಡ ಅಂತ ಬಿಟ್ಬಿಟ್ಟಿದೀನಿ." ಗೋಡೆಗೆ ಕಾಗದ ಒತ್ತಿ ಹಿಡಿದು ಸಹಿ ಹಾಕಿದರು. ಪೆನ್ನು ವಾಪಸು ಕೊಡುವುದನ್ನು ಮರೆತು ಅದನ್ನೇ ನೋಡುತ್ತ ನಿಂತರು. "ನಾನು ಎಂಸಿಎ ಸೇರ್ದಾಗ ಇವಳ ಕೈಲಿ ಆಗತ್ತಾ ಅಂದಿದ್ರು ಎಲ್ಲಾರೂ. ಅವರು ಹೇಳಿದ್ದೇ ಸರಿ ಆಯ್ತು, ಬಿಡು."

ಆ ಕ್ಷಣ ನಾನು ಹೇಳಬೇಕಿತ್ತು. ಹೇಳಲಿಲ್ಲ. ನಾನು ಹೇಳಿದರೆ ನನ್ನ ಐವತ್ತು ಹೋಗುತ್ತದೆ, ನಾಯಕಿ ಎಂದು ಮೆರೆದದ್ದು ಹೋಗುತ್ತದೆ, ಇಷ್ಟು ದಿನ ಬೇರೆಯವರ ಕೆಲಸಕ್ಕೆ ನಾನು ಬೀಗಿದ್ದು ಎಲ್ಲರಿಗೂ ತಿಳಿಯುತ್ತದೆ. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, "ಬರ್ತೀನಿ ಅಕ್ಕಾ" ಎಂದು ಕಳ್ಳಿಯ ಹಾಗೆ ಗೇಟು ದಾಟಿದೆ.

ಮನೆಗೆ ಬಂದವಳು ಕೂರಲಿಲ್ಲ. ಬಟ್ಟೆ ಮಡಚಿದೆ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ. ಅಮ್ಮ, "ಏನ್ ಪರದಾಡ್ತೀಯೇ, ಒಂದ್ ಕಡೆ ಕೂತ್ಕೋ" ಎಂದು ಗದರಿದಳು. ಮನಸ್ಸು ಒಂದು ಸಮಾಧಾನ ಹುಡುಕುತ್ತಿತ್ತು. ನನಗೆ ಗೊತ್ತಿರಲಿಲ್ಲವಲ್ಲ, ಗೊತ್ತಿಲ್ಲದೆ ಮಾಡಿದ್ದು ತಪ್ಪು ಹೇಗಾಗುತ್ತದೆ? ಆದರೆ ಅದು ನಿಲ್ಲಲಿಲ್ಲ. ಬುಧವಾರ ನನಗೆ ಗೊತ್ತಿತ್ತಲ್ಲ. ಹದಿನಾರು ಬುಧವಾರ ನಾನು ಆ ಲ್ಯಾಬಿನಲ್ಲೇ ಇದ್ದೆ. ಅವರು ಬರೆಯುವುದನ್ನು ಕಣ್ಣಾರೆ ನೋಡಿದ್ದೆ. ಪ್ರತಿ ಬುಧವಾರವೂ ಮಲಗುವ ಮುಂಚೆ ಕೂತು ಚೀಟಿ ಬರೆದಿದ್ದೆ.

ಚೀಟಿಗಳನ್ನೆಲ್ಲ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುವುದು ನನ್ನ ಅಭ್ಯಾಸ. ನೆಲದ ಮೇಲೆ ಸುರಿದುಕೊಂಡು ಒಂದೊಂದಾಗಿ ಓದಿದೆ. ಹೆಸರು ಹಾಕಬಾರದು ಎಂಬ ಕಟ್ಟು ಬುಧವಾರದ ಕೆಲಸಕ್ಕೆ, ಚೀಟಿಗಲ್ಲ; ನನ್ನ ಚೀಟಿಗಳ ತುಂಬ ಹೆಸರುಗಳಿದ್ದವು. ಇಂದುಧರನ ಹತ್ತಿರ ಛತ್ರಿ ಇದೆ. ರೆಹಮತ್ ತಂಗಿಗೆ ಜ್ವರ, ವಿಚಾರಿಸು. ಮೇಡಂಗೆ ಪುಸ್ತಕ ವಾಪಸು ಕೊಡು. ಕ್ಯಾಂಟೀನಿನ ತಿಮ್ಮಪ್ಪನ ಹೆಸರೂ ಇತ್ತು. ಒಂದರಲ್ಲಿ, ತಾಳೆಯ ಭಾಗ ಇವತ್ತಿಗೆ ಮುಗಿಯಿತು ಎಂದಿತ್ತು. ಹದಿನಾರರಲ್ಲಿ ಒಂದರಲ್ಲೂ ಕಸ್ತೂರಕ್ಕನ ಹೆಸರಿರಲಿಲ್ಲ. ಮರೆತದ್ದಾದರೆ ಒಂದೆರಡು ಸಲ ಮರೆಯಬಹುದು. ಹದಿನಾರು ಸಲ ಪೆನ್ನು ಹಿಡಿದುಕೊಂಡು, ಇದನ್ನು ಬರೆಯುವುದು ಬೇಡ ಎಂದು ನಾನೇ ತೀರ್ಮಾನ ಮಾಡಿದ್ದೆ. ಆ ಬುಧವಾರದ ವಿನುತಾಳ ಮೇಲೆ ನನಗೆ ಅಸಹ್ಯವಾಯಿತು. ಅವಳು ಬೇರೆಯವಳಲ್ಲ ಎಂಬುದು ಇನ್ನೂ ಅಸಹ್ಯವಾಯಿತು.

ಶುಕ್ರವಾರ ಬೆಳಿಗ್ಗೆಯೇ ಮೇಡಂ ಕೋಣೆಯ ಮುಂದೆ ನಿಂತಿದ್ದೆ. ನೋಟಿಸನ್ನು ಕೊಡಲಿಲ್ಲ. ಬಾಯಿಗೆ ಬಂದ ಹಾಗೆ ಎಲ್ಲ ಹೇಳಿದೆ, ಚೀಟಿಗಳ ವಿಷಯವನ್ನೂ ಬಿಡಲಿಲ್ಲ. ಅವರು ತಡೆಯದೆ ಕೇಳಿದರು.

"ಕ್ಲಾಸಲ್ಲಿ ಹಂಗೆ ಪಾಠ ಮಾಡ್ತಾರೆ ಅಂದ ಮಾತ್ರಕ್ಕೆ ಇದನ್ನ ಅವರೇ ಬರೆದ್ರು ಅಂತ ನಾನು ಆಫೀಸಿಗೆ ಬರೆಯೋಕಾಗಲ್ಲಮ್ಮ. ಬುಧವಾರಕ್ಕೆ ಸಾಕ್ಷಿ ಇಲ್ಲ."

"ಬುಧವಾರ ಬೇಡ ಮೇಡಂ. ನಾಳೆ ಶನಿವಾರ. ನಾಲ್ಕೂ ಜನಾನ ಬೇರೆ ಬೇರೆ ಕೂರ್ಸಿ. ಆ ಭಾಗಾನ ಮೊದಲಿಂದ ಬರೀರಿ ಅನ್ನಿ."

ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಬರೆಯೋಕಾಗ್ದಿದ್ರೆ ನಿನ್ನ ಅಂಕ ಏನಾಗತ್ತೆ ಗೊತ್ತಲ್ಲ?"

"ಗೊತ್ತು ಮೇಡಂ."

ಇಂದುಧರ, ರೆಹಮತ್ ಇಬ್ಬರೂ ನನ್ನ ಮೇಲೆ ಹರಿಹಾಯ್ದರು. "ನಿಂಗೆ ಪುಣ್ಯ ಬೇಕಿದ್ರೆ ನಿಂದ್ ಕೊಡು, ನಮ್ದನ್ನ ಯಾಕ್ ಕೊಡ್ತೀಯ?" ಎಂದ ಇಂದುಧರ. ರೆಹಮತ್ ಮಾತ್ರ, "ನಂಗೂ ಒಂದೊಂದ್ ಸಲ ಅನ್ನಿಸ್ತಿತ್ತು, ಇದು ನಾನು ಬರೆಯೋ ರೀತಿ ಅಲ್ಲ ಅಂತ" ಎಂದ.

ಶನಿವಾರ ಕಸ್ತೂರಕ್ಕ ಶಾಲೆಗೆ ರಜೆ ಹಾಕಿ ಬಂದರು. ಏತಕ್ಕೆ ಕರೆದದ್ದು ಎಂದು ಅವರಿಗೆ ಹೇಳಿರಲಿಲ್ಲ. ಮೇಡಂ ಹೇಳಕೂಡದು ಎಂದಿದ್ದರು. ನಾಲ್ವರನ್ನೂ ನಾಲ್ಕು ಮೂಲೆಗೆ ಕೂರಿಸಿದರು. ಎರಡು ಗಂಟೆ ಸಮಯ, ಒಳಗೆ ಅರ್ಧ ಮಾತ್ರೆಯ ಲೆಕ್ಕವೂ ಬರಬೇಕು. ನಾನು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಪಟ್ಟಿ ಸರಿಯಿದ್ದಾಗ ಓಡಿತು, ಒಂದು ಹಾಸಿಗೆ ಬದಲಿಸಿದ ಕೂಡಲೇ ಮುಗ್ಗರಿಸಿತು. ಇಂದುಧರ ತಲೆ ಕೆರೆದುಕೊಳ್ಳುತ್ತಿದ್ದ. ರೆಹಮತ್ ಅರ್ಧಕ್ಕೇ ಕೈ ಕಟ್ಟಿ ಕೂತುಬಿಟ್ಟ. ಕಸ್ತೂರಕ್ಕ ಮೊದಲ ಅರ್ಧ ಗಂಟೆ ಕೀಲಿಮಣೆಯನ್ನೇ ಮುಟ್ಟಲಿಲ್ಲ. ಬಿಳಿ ಹಾಳೆಯ ಮೇಲೆ ಏನೋ ಪಟ್ಟಿ ಮಾಡುತ್ತಿದ್ದರು. ಸಿಸ್ಟರುಗಳು ಎಲ್ಲೆಲ್ಲಿ ತಪ್ಪಬಹುದು ಎಂಬ ಪಟ್ಟಿ.

ಮೇಡಂ ಕಸ್ತೂರಕ್ಕನ ಹಿಂದೆ ಹೋಗಿ ನಿಂತರು. ಲ್ಯಾಬಿನ ಹಳೆಯ ಪ್ರತಿಯನ್ನು ಮುದ್ರಿಸಿ ತಂದಿದ್ದರು. ಒಮ್ಮೆ ಅದನ್ನು ನೋಡುತ್ತಾರೆ, ಒಮ್ಮೆ ತೆರೆಯನ್ನು. ಎರಡು ಗಂಟೆ ಮುಗಿದಾಗ ಕಸ್ತೂರಕ್ಕನ ಪಟ್ಟಿಯಲ್ಲಿ ಹನ್ನೊಂದರ ಬದಲು ಹನ್ನೆರಡು ತಪ್ಪುಗಳಿದ್ದವು. ಹನ್ನೆರಡನೆಯದು ಅರ್ಧ ಮಾತ್ರೆ. ಮೇಡಂ ಎರಡು ಹಾಳೆಗಳನ್ನೂ ಅವರ ಮುಂದೆ ಅಕ್ಕಪಕ್ಕ ಇಟ್ಟರು.

"ಕಸ್ತೂರಿ, ಎಡಗಡೇದು ನೀವು ಈಗ ಬರೆದಿದ್ದು. ಬಲಗಡೇದು ಬುಧವಾರಗಳಲ್ಲಿ 'ತಂಡ' ಬರೆದಿದ್ದು. ಓದಿ ನೋಡಿ."

ಕಸ್ತೂರಕ್ಕ ಓದಿದರು. ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಅವರ ಮುಖದಲ್ಲಿ ಸಂತೋಷ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬರಲಿಲ್ಲ. ಮೇಡಂ ಹಳೆಯ ನಾಲ್ಕು ಕಾಗದಗಳನ್ನು ನಮ್ಮೆದುರೇ ಹರಿದು, ಹೊಸದು ತುಂಬಲು ಕೊಟ್ಟರು. ನಾನು ಕಸ್ತೂರಕ್ಕನಿಗೆ ಅರವತ್ತು ಬರೆದೆ, ನನಗೆ ಹತ್ತು. ಉಳಿದವರು ಎಷ್ಟು ಬರೆದರೋ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಕಸ್ತೂರಕ್ಕ ಪಾಸಾಗಿದ್ದಾರೆ, ನನ್ನ ಸರಾಸರಿ ಹದಿನೈದು ಮುಟ್ಟಿಲ್ಲ, ನಾನು ಇನ್ನೊಂದು ಸೆಮಿಸ್ಟರು ಪ್ರಾಜೆಕ್ಟ್ ಮಾಡಬೇಕು ಎಂದು ಗೊತ್ತಾಯಿತು.

ಕಸ್ತೂರಕ್ಕ ಲ್ಯಾಬಿನ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಆ ಎರಡು ಹಾಳೆ ಇನ್ನೂ ಕೈಯಲ್ಲೇ ಇದ್ದವು. ನಾನು ಎರಡು ಮೆಟ್ಟಿಲು ಕೆಳಗೆ ಹೋಗಿ ನಿಂತೆ.

"ಸಿಟ್ಟು ಬರ್ತಿದೆ ಕಣೆ" ಎಂದರು. "ನಿನ್ನ ಮೇಲೂ ಬರ್ತಿದೆ, ನನ್ನ ಮೇಲೂ ಬರ್ತಿದೆ. ಹದಿನಾರು ಬುಧವಾರ ನಾನು ಇಲ್ಲಿ ಎಷ್ಟು ಖುಷಿಯಾಗಿ ಕೂತು ಇದನ್ನ ಮಾಡಿರ್ಬೇಕು. ಗುರುವಾರ ಎದ್ದು ನಿಮ್ಮ ಮುಂದೆ ತಲೆ ತಗ್ಗಿಸ್ಕೊಂಡು ಓಡಾಡಿದೀನಿ. ಏನಾದ್ರೂ ಕೆಲ್ಸ ಕೊಡಮ್ಮ ಅಂತ ನಿನ್ನ ಹತ್ರ ಬೇಡಿದೀನಿ."

ನನಗೆ ಅಳು ಬಂತು. "ನನ್ನ ಚೀಟೀಲಿ ಎಲ್ಲಾರ ಹೆಸರೂ ಇದೆ ಅಕ್ಕಾ. ನಿಮ್ಮದೊಂದೇ ಇಲ್ಲ. ನಾನು ಬೇಕಂತಲೇ ಬರೆದಿಲ್ಲ. ತಪ್ಪಾಯ್ತು, ಕಸ್ತೂರಕ್ಕ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಕ್ಲಾಸಿನಲ್ಲಿ ಮಕ್ಕಳನ್ನು ನೋಡುವ ನೋಟ ಅದಾಗಿರಲಿಲ್ಲ.

"ಈ ಮಾತನ್ನ ಬುಧವಾರ ಬುಧವಾರ ಎಷ್ಟು ಸಲ ಹೇಳಿದೀಯೋ ಏನೋ" ಎಂದರು. "ಅಳ್ತಾನೇ ಹೇಳಿರ್ತೀಯ. ನಾನೂ ಹೋಗ್ಲಿ ಬಿಡು ಅಂದಿರ್ತೀನಿ."

ಅವರು ಹಾಳೆಗಳನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡರು.

"ಇವತ್ತು ಯಾವ ವಾರ?"

"ಶನಿವಾರ, ಅಕ್ಕಾ."

"ಹಾಗಾದ್ರೆ ಇನ್ನೊಂದ್ ಸಲ ಹೇಳು" ಎಂದರು. ನಾನು ಹೇಳಿದೆ. ಅವರು ಹೋಗಲಿ ಬಿಡು ಎನ್ನಲಿಲ್ಲ.